ಕಾರ್ಡಿನ ಹಿಂದಿನ ಪೆನ್ನಿನ ಗುರುತು

ಭಾನುವಾರ ಸ್ಯಾನ್ ಹೊಸೆಯಲ್ಲಿ ಒಂದು ಕಾರ್ಡ್ ಶೋ ಇತ್ತು, ಆಟದ ಕಾರ್ಡುಗಳನ್ನು ಕೊಳ್ಳುವ, ಮಾರುವ ಮೇಳ. ಮಗನನ್ನು ಕರೆದುಕೊಂಡು ಹೋದೆ. ಅವನ ಕೈಯಲ್ಲಿ ಒಂದೇ ಒಂದು ಕಾರ್ಡ್. ಗ್ಯಾರೇಜ್ ಸೇಲ್‌ನಲ್ಲಿ ಐದು ಡಾಲರ್ ಕೊಟ್ಟು ತಂದ ಹಳೇ ಡಬ್ಬಿಯಲ್ಲಿ ಸಿಕ್ಕಿದ್ದು. ಪೋಕೆಮಾನ್ ಆಟದ ಬೆಂಕಿಯುಗುಳುವ ಪ್ರಾಣಿ ಚಾರಿಜಾರ್ಡ್‌ನ ಕಾರ್ಡ್, 1999ರದ್ದು.

ಇದೇ ಚಾರಿಜಾರ್ಡ್‌ನ ಮೊದಲ ಮುದ್ರಣದ ಕಾರ್ಡೊಂದು 2022ರಲ್ಲಿ 4,20,000 ಡಾಲರಿಗೆ ಮಾರಾಟವಾಗಿತ್ತು. ಮಗ ಅದನ್ನು ಓದಿಬಿಟ್ಟಿದ್ದ. ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ವ್ಯಾಪಾರಿ ಕಾರ್ಡಿನ ಅಂಚು ಹಿಡಿದು ದೀಪದ ಕೆಳಗೆ ಓರೆ ಮಾಡಿದ. ಚಿತ್ರದ ಕೆಳಗೆ ಎಡಗಡೆ ಬೆರಳು ತೋರಿಸಿ, "ಮೊದಲ ಮುದ್ರಣ ಆಗಿದ್ದರೆ ಇಲ್ಲಿ ಒಂದು ಕಪ್ಪು ಮುದ್ರೆ ಇರುತ್ತಿತ್ತು" ಅಂದ. ಇರಲಿಲ್ಲ. ಚೌಕಟ್ಟಿನ ಬಲಗಡೆ ನೆರಳಿನಂಥ ಪಟ್ಟಿ ಇತ್ತು. ಆಮೇಲೆ ಅಚ್ಚಾದ ಕಾರ್ಡಿಗೆ ಅದೇ ಗುರುತಂತೆ. ಅವು ಬೇಕಾದಷ್ಟಿವೆ. ಆ ದುಬಾರಿ ಕಾರ್ಡಿಗೆ ಮುದ್ರೆಯ ಜೊತೆಗೆ ಪಿಎಸ್‌ಎ ಅನ್ನೋ ಕಂಪನಿ ಹತ್ತಕ್ಕೆ ಹತ್ತು ದರ್ಜೆ ಕೊಟ್ಟಿತ್ತು. ನಾಲ್ಕೂ ಮೂಲೆ ಚೂಪಾಗಿರಬೇಕು, ಹೊಳೆಯುವ ಕಡೆ ಗೀರು ಇರಬಾರದು, ಚಿತ್ರ ಸರಿಯಾಗಿ ನಡುವೆ ಕೂತಿರಬೇಕು. ಮಕ್ಕಳು ಆಡಿದ ಕಾರ್ಡಿಗೆ ಇದೆಲ್ಲ ಎಲ್ಲಿಂದ ಬರಬೇಕು, ಅಲ್ವಾ?

ಆಮೇಲೆ ಕಾರ್ಡ್ ತಿರುಗಿಸಿದ. ನೀಲಿ ಅಂಚು ಅಲ್ಲಲ್ಲಿ ಸವೆದು ಬಿಳಿಯಾಗಿತ್ತು. ಮೂಲೆಯಲ್ಲಿ ಬಾಲ್‌ಪೆನ್ನಿನಲ್ಲಿ ಬರೆದ ಸಣ್ಣ 'ಜೆ'.

"ಪೆನ್ನು ತಾಗಿದರೆ ಬೆಲೆ ತುಂಬಾ ಇಳಿಯುತ್ತೆ" ಅಂದ. ಎಂಬತ್ತು ಡಾಲರ್ ಕೊಡ್ತೀನಿ ಅಂದ. ಮಗ ಫೋನ್ ತೆಗೆದು, ಇಬೇಯಲ್ಲಿ ಯಾರೋ ಸಾವಿರಾರು ಡಾಲರ್ ಕೇಳುತ್ತಿದ್ದನ್ನು ತೋರಿಸಿದ. ಆತ ಬೇಜಾರು ಮಾಡಿಕೊಳ್ಳಲಿಲ್ಲ. ಮಾರಾಟವಾದವು ಮಾತ್ರ ಕಾಣುವ ಹಾಗೆ ಮಾಡಿ ಫೋನ್ ವಾಪಸ್ ಕೊಟ್ಟ. ಕೇಳುವವರು ಎಷ್ಟಾದರೂ ಕೇಳಬಹುದು, ಕೊಂಡವರು ಕೊಟ್ಟಿದ್ದು ಇಷ್ಟು ಅಂತ ತೋರಿಸಿದ. ಅಷ್ಟು ತಾಳ್ಮೆಯಿಂದ ಒಬ್ಬ ಹುಡುಗನಿಗೆ ವ್ಯಾಪಾರ ಹೇಳಿಕೊಟ್ಟಿದ್ದು ನನಗೆ ತುಂಬಾ ಹಿಡಿಸಿತು.

ನನ್ನ ಕಣ್ಣು ಮಾತ್ರ ಆ 'ಜೆ' ಮೇಲೇ ಇತ್ತು. ದಾವಣಗೆರೆಯಲ್ಲಿ ನಾನೂ ತಮ್ಮನೂ ಕುಸ್ತಿಪಟುಗಳ ಚಿತ್ರವಿರುವ ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡ್ ಆಡುತ್ತಿದ್ದೆವು. ರ‍್ಯಾಂಕ್, ಎತ್ತರ, ತೂಕ, ಬೈಸೆಪ್ಸ್ ಅಂತ ಕೂಗಿ ಕೂಗಿ ಗಂಟಲು ಕಟ್ಟುತ್ತಿತ್ತು. ಬೀದಿಯ ಹುಡುಗರ ಕಾರ್ಡಿನ ಜೊತೆ ಬೆರೆತುಹೋಗದಿರಲಿ ಅಂತ ನಮ್ಮವಕ್ಕೆ ಪೆನ್ನಿನಲ್ಲಿ ಗುರುತು ಹಾಕಿದ್ದೆವು. ಅಂಡರ್‌ಟೇಕರ್ ಕಾರ್ಡಿಗಂತೂ ಎರಡು ಸಲ.

ಮಗ ಮಾರಲಿಲ್ಲ. ಕಾರ್ಡಿಗೆ ಒಂದು ಪ್ಲಾಸ್ಟಿಕ್ ಕವರ್ ಕೊಂಡ. ಕಾರಿನಲ್ಲಿ ಸುಮಾರು ಹೊತ್ತು ಸುಮ್ನೆ ಕೂತಿದ್ದವನು ಕೇಳಿದ: "ಅಪ್ಪಾ, ನೀವು ಎಲ್ಲಿ ಬರೀತಿದ್ರಿ?"

"ಹಿಂದೆ, ಮೂಲೆಯಲ್ಲಿ" ಅಂದೆ.