ಕಿಡಿ ಇದೆ, ಸ್ಟಾರ್ಟ್ ಇಲ್ಲ

"ಕರೆಂಟ್ ಬರ್ತಿದೆ ಕಣೋ, ನೀನೇ ನೋಡು," ಎಂದ ಗೆಳೆಯ. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಸಿಲಿಂಡರ್ ಹೆಡ್ಡಿಗೆ ಒತ್ತಿ ಹಿಡಿದು ಕಿಕ್ ಹೊಡೆದರೆ ತುದಿಯಲ್ಲಿ ಕಿಡಿ ಹಾರುತ್ತಿತ್ತು, ನಿಜ. ಹಾಗಾಗಿ ಅವನ ಮಟ್ಟಿಗೆ ಇಗ್ನಿಷನ್ ಸರಿಯಾಗಿಯೇ ಇತ್ತು. ಕಾರ್ಬುರೇಟರ್ ಬಿಚ್ಚಿ ತೊಳೆದಿದ್ದ, ಜೆಟ್ ಊದಿದ್ದ, ಏರ್ ಸ್ಕ್ರೂವನ್ನು ಮನಸ್ಸಿಗೆ ಬಂದಷ್ಟು ತಿರುವಿದ್ದ. ವರ್ಷಗಟ್ಟಲೆ ನಿಂತಲ್ಲೇ ನಿಂತಿದ್ದ ಆ 350 ಸಿಸಿಯ ಸಿಂಗಲ್ ಸಿಲಿಂಡರ್ ಬೈಕು ಯಾವುದಕ್ಕೂ ಜಗ್ಗಲಿಲ್ಲ.

ನನ್ನ ಅನುಮಾನಕ್ಕೆ ಕಾರಣ ಪ್ಲಗ್ಗೇ. ಅದು ಪೆಟ್ರೋಲಿನಲ್ಲಿ ತೊಯ್ದಿತ್ತು. ಕಿಕ್ ಹೊಡೆದು ಸುಸ್ತಾದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲಿನ ದಾರಿ ಹುಡುಕಬೇಕು. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಹೊತ್ತಿಲ್ಲ ಅಷ್ಟೆ. ಮೇಲಾಗಿ ಆ ಕಿಡಿಯ ಬಣ್ಣ ನನಗೆ ಹಿಡಿಸಲಿಲ್ಲ. ಚಟ್ ಎಂದು ಸದ್ದು ಮಾಡುವ ನೀಲಿ ಬಿಳುಪಿನ ಕಿಡಿ ಅದಲ್ಲ. ತೆಳ್ಳಗೆ, ಹಳದಿಗೆ ತಿರುಗಿದ ಬಡಕಲು ಕಿಡಿ.

ಹೊರಗೆ ಗಾಳಿಯಲ್ಲಿ 0.6 ಮಿಲಿಮೀಟರ್ ಸಂದು ಹಾರಲು ಎರಡು ಮೂರು ಸಾವಿರ ವೋಲ್ಟ್ ಸಾಕು. ಸಿಲಿಂಡರಿನೊಳಗೆ ಪಿಸ್ಟನ್ ಗಾಳಿ ಪೆಟ್ರೋಲನ್ನು ಒತ್ತಿ ಹಿಡಿದಿರುವಾಗ ಅದೇ ಸಂದಿಗೆ ಅದರ ಮೂರು ನಾಲ್ಕು ಪಟ್ಟು ಬೇಕಾದೀತು. ಹೊರಗೆ ಹಾರಿದ್ದು ಒಳಗೂ ಹಾರುತ್ತದೆ ಎನ್ನುವ ಖಾತ್ರಿ ಏನೂ ಇಲ್ಲ. ಸಂದು ಹೆಚ್ಚು ಕಡಿಮೆ ಮಾಡಬಲ್ಲ ಸ್ಪಾರ್ಕ್ ಟೆಸ್ಟರ್ ತಂದಿದ್ದೆ. ಬ್ಯಾಟರಿಯ ಕರೆಂಟಿನಿಂದ ಪ್ಲಗ್ಗಿಗೆ ಬೇಕಾದ ಸಾವಿರಾರು ವೋಲ್ಟ್ ಎಬ್ಬಿಸುವುದು ಕಾಯಿಲ್. ಒಳ್ಳೆಯ ಕಾಯಿಲ್ ಕಿಡಿಯನ್ನು 6 ಮಿಲಿಮೀಟರ್ ದಾಟಿಸಬೇಕು. ಇದು ಎರಡರ ಆಚೆಗೆ ಹೋಗಲೇ ಇಲ್ಲ. (ಪೆಟ್ರೋಲ್ ಒಸರುವ ಪ್ಲಗ್ ತೂತಿನ ಬಳಿ ಈ ಪರೀಕ್ಷೆ ಬೇಡ. ತೂತಿಗೆ ಬಟ್ಟೆ ತುರುಕಿ, ಕಿಡಿಯನ್ನು ದೂರದಲ್ಲಿ ಹಾರಿಸಬೇಕು.)

ಗೆಳೆಯ ಮಲ್ಟಿಮೀಟರ್ ಹಿಡಿದು ವಾದಕ್ಕೆ ನಿಂತ. ಬ್ಯಾಟರಿ 12.6 ವೋಲ್ಟ್. ಕಾಯಿಲಿನ ಪ್ಲಸ್ ಕಡೆಗೂ 12.6. "ಪೂರ್ತಿ ಬರ್ತಿದೆಯಲ್ಲ, ಇನ್ನೇನು ಬೇಕು?"

ಎಂಜಿನ್ ತಿರುಗಿದಂತೆ ತೆರೆದು ಮುಚ್ಚಿ ಕಾಯಿಲಿಗೆ ಕರೆಂಟ್ ಹರಿಸಿ ತಡೆಯುವ ಪುಟ್ಟ ಸ್ವಿಚ್ಚೇ ಪಾಯಿಂಟ್ಸ್. ಅದರ ಮುಚ್ಚಳ ತೆಗೆದು ನೋಡಿದರೆ ಎಂಜಿನ್ ನಿಂತದ್ದು ಪಾಯಿಂಟ್ಸ್ ತೆರೆದ ಜಾಗದಲ್ಲಿ. ತೆರೆದಿದ್ದಾಗ ಕಾಯಿಲಿನಲ್ಲಿ ಕರೆಂಟೇ ಹರಿಯುವುದಿಲ್ಲ. ಅರ್ಧ ಕಟ್ಟಿಕೊಂಡ ನೀರಿನ ಪೈಪಿನ ನಲ್ಲಿ ಮುಚ್ಚಿ ಒತ್ತಡ ಅಳೆದಂತೆ. ಮುಳ್ಳು ಪೂರ್ತಿ ತೋರಿಸುತ್ತದೆ, ಬಿಟ್ಟಾಗಲೇ ಗುಟ್ಟು ರಟ್ಟಾಗುವುದು.

ಅಳೆಯುವ ಮೊದಲು ಪಾಯಿಂಟ್ಸ್ ಸರಿಮಾಡಿಕೊಂಡೆವು. ವರ್ಷಗಟ್ಟಲೆ ಸುಮ್ಮನಿದ್ದ ಪಾಯಿಂಟ್ಸ್ ಮೇಲೆ ಕಣ್ಣಿಗೆ ಬೀಳದ ಪೊರೆ ಕೂತಿರುತ್ತದೆ. ನಯವಾದ ಎಮರಿ ಪೇಪರಿನಿಂದ ಒಂದೆರಡು ಸಲ ಉಜ್ಜಿ, ಆ ಪುಡಿ ಉಳಿಯದಂತೆ ಬಿಳಿ ಕಾಗದದ ಚೂರನ್ನು ನಡುವೆ ಎಳೆದು ಒರೆಸಿದೆ. ಪೂರ್ತಿ ತೆರೆದಾಗ 0.35 ಮಿಲಿಮೀಟರ್ ಇರುವಂತೆ ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್ ಇಟ್ಟು ಬಿಗಿ ಮಾಡಿದೆ. ಪಾಯಿಂಟ್ಸನ್ನು ತೆರೆಸುವ ಕ್ಯಾಮಿಗೆ ಉಜ್ಜುವ ಫೈಬರ್ ಕಾಲು ಸವೆದಷ್ಟೂ ಈ ಸಂದು ಕಿರಿದಾಗುತ್ತದೆ. ಅದರೊಂದಿಗೆ ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಕೂಡ ತಡವಾಗುತ್ತದೆ.

ಈಗ ಪಾಯಿಂಟ್ಸ್ ಮುಚ್ಚಿರುವಂತೆ ಎಂಜಿನ್ ತಿರುಗಿಸಿ ಸ್ವಿಚ್ ಹಾಕಿದೆವು. ಬ್ಯಾಟರಿ 12.4. ಕಾಯಿಲಿನಲ್ಲಿ 9.8! ಗೆಳೆಯ ಮೀಟರಿನ ಕಡ್ಡಿಗಳನ್ನು ಬದಲಿಸಿ ಬದಲಿಸಿ ನೋಡಿದ. ಅಷ್ಟೇ.

ಎರಡೂವರೆ ವೋಲ್ಟ್ ಹೋದರೆ ಏನು ಮಹಾ ಎನಿಸಬಹುದು. ಈ ಕಾಯಿಲಿನಲ್ಲಿ ಬ್ಯಾಟರಿಯ ಕರೆಂಟ್ ಹರಿಯುವ ಪ್ರೈಮರಿ ಸುತ್ತಿನ ರೆಸಿಸ್ಟೆನ್ಸ್ 3.5 ಓಮ್. ಪೂರ್ತಿ ವೋಲ್ಟೇಜ್ ಸಿಕ್ಕಿದ್ದರೆ ಮೂರೂವರೆ ಆಂಪಿಯರ್ ಹರಿಯಬೇಕಿತ್ತು, ಹರಿದದ್ದು 2.8. ಕಾಯಿಲಿನಲ್ಲಿ ಕೂಡಿಡುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಅಂದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಸೋರಿಹೋಗಿತ್ತು. ಪಾಯಿಂಟ್ಸ್ ತೆರೆದ ಗಳಿಗೆಯಲ್ಲಿ ಆ ಕರೆಂಟು ನಿಂತು, ಕಾಂತಕ್ಷೇತ್ರ ಕುಸಿದು, ಪ್ಲಗ್ಗಿಗೆ ಹೋಗುವ ಸೆಕೆಂಡರಿ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಏಳುವುದೇ ಈ ವ್ಯವಸ್ಥೆಯ ಜೀವಾಳ. 1910ರ ಸುಮಾರಿಗೆ ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ಕಾರುಗಳಿಗೆ ರೂಪಿಸಿದ ಈ ಉಪಾಯದಲ್ಲಿ ಮುಚ್ಚುಮರೆ ಇಲ್ಲ. ಎಲ್ಲವನ್ನೂ ಕಣ್ಣಲ್ಲಿ ನೋಡಬಹುದು, ಅಳೆಯಬಹುದು. ಅದಕ್ಕೇ ನನಗೆ ಹೊಸ ಎಲೆಕ್ಟ್ರಾನಿಕ್ ಪೆಟ್ಟಿಗೆಗಳಿಗಿಂತ ಪಾಯಿಂಟ್ಸ್ ಇಷ್ಟ.

ವೋಲ್ಟೇಜ್ ಎಲ್ಲಿ ಸೋರುತ್ತಿದೆ ಎಂದು ಹಿಡಿಯಲು ಏನನ್ನೂ ಬಿಚ್ಚಬೇಕಿಲ್ಲ. ಕರೆಂಟ್ ಹರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿ ಒಂದು ಜೋಡಣೆಯ ಈಚೆ, ಇನ್ನೊಂದು ಆಚೆ. ಫ್ಯೂಸ್ ಹೋಲ್ಡರಿನ ಎರಡು ತುದಿಗಳ ನಡುವೆ 0.4. ಇಗ್ನಿಷನ್ ಸ್ವಿಚ್ಚಿನಲ್ಲಿ 2.1. ಪಾಯಿಂಟ್ಸ್ ಮುಚ್ಚಿಟ್ಟು ಬಹಳ ಹೊತ್ತು ಸ್ವಿಚ್ ಹಾಕಿಡಬಾರದು, ಕಾಯಿಲ್ ಬಿಸಿಯೇರುತ್ತದೆ. ನಡುನಡುವೆ ಆರಿಸುತ್ತಾ ಅಳೆದೆವು.

ಗೆಳೆಯನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಬ್ಯಾಟರಿಯ ಪ್ಲಸ್ಸಿನಿಂದ ಫ್ಯೂಸ್ ಇರುವ ಒಂದು ವೈರನ್ನು ನೇರ ಕಾಯಿಲಿನ ಪ್ಲಸ್ಸಿಗೆ ಎಳೆದು, ಒಣಗಿಸಿದ ಪ್ಲಗ್ ಹಾಕಿ, "ಈಗ ಹೊಡಿ" ಎಂದೆ. ಗಟ್ಟಿ ಮನಸ್ಸಿನಿಂದ ಹೊಡೆದ. ಎಂಜಿನ್ ಒಮ್ಮೆ ಕೆಮ್ಮಿ ಹಿಡಿದುಕೊಂಡಿತು. ಅವನ ಕೂಗಿನ ಮುಂದೆ ಸೈಲೆನ್ಸರಿನ ಸದ್ದು ಸಣ್ಣದಾಗಿತ್ತು.

ಸ್ವಿಚ್ ಬಿಚ್ಚಿದಾಗ ಹಿತ್ತಾಳೆಯ ಮೈಗೆಲ್ಲ ಹಸಿರು ಕಿಲುಬು. ಹೊಸದು ತಂದು ಹಾಕೋಣವೆಂದ. ಕೆರೆದು ತಿಕ್ಕಿದರೆ ಸಾಕಾಗುವ ವಸ್ತುವನ್ನು ಎಸೆಯುವುದು ನನಗೆ ಆಗದ ಮಾತು. ಒಳಗಿದ್ದ ಸ್ಪ್ರಿಂಗ್ ಹಾರಿ ಮೂಲೆ ಸೇರಿತು, ಅದನ್ನು ಹುಡುಕಲು ಹಿಡಿದ ಹೊತ್ತು ತಿಕ್ಕಲು ಹಿಡಿದದ್ದಕ್ಕಿಂತ ಹೆಚ್ಚು. ಫ್ಯೂಸ್ ಹೋಲ್ಡರನ್ನೂ ತಿಕ್ಕಿ ಜೋಡಿಸಿ ಅಳೆದರೆ ಕಾಯಿಲಿನಲ್ಲಿ 12.2.

ಅಲ್ಲಿಗೆ ಮುಗಿಯಲಿಲ್ಲ. ಒಂದು ಸುತ್ತು ಹೋದವನು ಬೈಕು ತಳ್ಳಿಕೊಂಡು ಬಂದ. ಬಿಸಿಯಾದ ಮೇಲೆ ಮಿಸ್ ಹೊಡೆದು ನಿಂತಿದೆ. ತಣ್ಣಗಾದರೆ ಮತ್ತೆ ಹಿಡಿಯುತ್ತದೆ. ಪಾಯಿಂಟ್ಸ್ ಮುಚ್ಚಳ ತೆಗೆದು, ದೀಪ ಆರಿಸಿ, ಬಿಸಿ ಇರುವಾಗಲೇ ಕಿಕ್ ಹೊಡೆಸಿದೆ. ಪಾಯಿಂಟ್ಸ್ ನಡುವೆ ದಪ್ಪ ಬೆಳಕು ಮಿಂಚುತ್ತಿತ್ತು. ಪಾಯಿಂಟ್ಸ್ ತೆರೆದಾಗ ಕರೆಂಟು ಅಲ್ಲೇ ಸುಟ್ಟು ಹೋಗದಂತೆ ಅದನ್ನು ಹೀರಿಕೊಳ್ಳಬೇಕಾದ್ದು ಕಂಡೆನ್ಸರ್, ಹೆಚ್ಚುಕಡಿಮೆ 0.2 ಮೈಕ್ರೋಫ್ಯಾರಡ್ಡಿನ ಪುಟ್ಟ ಡಬ್ಬಿ. ತಣ್ಣಗಿದ್ದಾಗ ಪರವಾಗಿಲ್ಲ, ಕಾದರೆ ಕೈಕೊಡುತ್ತದೆ. ಮೀಟರಿನಲ್ಲಿ ತಣ್ಣಗೆ ಅಳೆದರೆ ಇದೂ ಸರಿಯಾಗಿಯೇ ಇದೆ ಎನ್ನುತ್ತದೆ. ಬೇರೆ ಕಂಡೆನ್ಸರ್ ತಂದು, ಎಂಜಿನ್ ಬಿಸಿಯಿಂದ ದೂರ, ಕಾಯಿಲಿನ ಪಕ್ಕ ಪಾಯಿಂಟ್ಸಿನ ವೈರ್ ಬಂದು ಸೇರುವ ಮೈನಸ್ ಟರ್ಮಿನಲ್ಲಿಗೆ ಹಚ್ಚಿ, ಅದರ ಮೈಯನ್ನು ಚಾಸಿಗೆ ಬೋಲ್ಟ್ ಮಾಡಿದೆವು.

ಈಗ ಕಾದರೂ ನಿಲ್ಲುವುದಿಲ್ಲ. ಐಡ್ಲಿಂಗ್ ಮಾತ್ರ ಏರುಪೇರು, ಅವನು ಸುಮ್ಮಸುಮ್ಮನೆ ತಿರುವಿದ್ದ ಏರ್ ಸ್ಕ್ರೂವಿನ ಕೃಪೆ. ಅದನ್ನು ಅವನೇ ಸರಿ ಮಾಡಿಕೊಳ್ಳಲಿ ಎಂದು ಸ್ಕ್ರೂಡ್ರೈವರ್ ಕೊಟ್ಟು ಬಂದೆ.