31 ಚುಕ್ಕಿ

ಮಧ್ಯಾಹ್ನ ಅಕ್ಕ ಪೆನ್‌ಡ್ರೈವ್ ತಂದ್ಲು. ಥೀಸಿಸ್ಸು, ನಾಳೆ ಬೈಂಡಿಂಗ್‌ಗೆ ಕೊಡ್ಬೇಕಂತೆ, ಎಲ್ಲಾ ಹೆಡ್ಡಿಂಗ್ 16ರಿಂದ 14ಕ್ಕೆ ಇಳಿಸು ಅಂತ ಗೈಡ್ ಮೇಡಂ ಹೇಳಿದಾರೆ. ಅಷ್ಟೇ ತಾನೆ ಅಂತ ಕೂತೆ.

ವರ್ಡ್‌ನಲ್ಲಿ ಕಂಟ್ರೋಲ್ ಶಿಫ್ಟ್ 8 ಒತ್ತಿದೆ, ಕಾಣದಿರೋ ಸ್ಪೇಸೆಲ್ಲಾ ಚುಕ್ಕಿಯಾಗಿ, ಎಂಟರೆಲ್ಲಾ ಪ್ಯಾರಾ ಗುರುತಾಗಿ (¶) ಕಾಣತ್ತೆ. ಅಯ್ಯೋ ದೇವ್ರೇ. ಹೆಡ್ಡಿಂಗ್ ಮಧ್ಯಕ್ಕೆ ತರೋಕೆ ಸ್ಪೇಸ್‌ಬಾರ್ ಕುಟ್ಟಿದಾಳೆ, ಒಂದು ಹೆಡ್ಡಿಂಗ್ ಹಿಂದೆ ಎಣಿಸಿದೆ, 31 ಚುಕ್ಕಿ, ಸಂಕ್ರಾಂತಿ ರಂಗೋಲಿಗೆ ಇಟ್ಟಂಗೆ! ಹೊಸ ಅಧ್ಯಾಯ ಹೊಸ ಪುಟಕ್ಕೆ ಹೋಗ್ಲಿ ಅಂತ ಎಂಟರ್ ಮೇಲೆ ಎಂಟರ್. ಸ್ಟೈಲ್, ಅಂದ್ರೆ ಅಕ್ಷರದ ಸೈಜು, ಜೋಡಣೆಗೆಲ್ಲಾ ಒಟ್ಟಿಗೆ ಇಡೋ ಹೆಸರು, ಅದನ್ನ ನೋಡಿದ್ರೆ ಹೆಡ್ಡಿಂಗೂ 'ನಾರ್ಮಲ್', ಅಡಿಟಿಪ್ಪಣಿನೂ 'ನಾರ್ಮಲ್'. 'ಹೆಡ್ಡಿಂಗ್ 1' ಅಂತ ಹಾಕಿದ್ರೆ ಒಂದು ಕಡೆ ಬದಲಾಯಿಸಿದ್ರೆ ಸಾಕಿತ್ತು, ಪರಿವಿಡಿನೂ ಅದರಿಂದಾನೇ ಮಾಡ್ಕೋಬಹುದಿತ್ತು ಅಂದೆ.

"ಕಣ್ಣಿಗೆ ಸರಿಯಾಗೇ ಕಾಣ್ತಿತ್ತಲ್ಲೋ" ಅಂದ್ಲು.

ಅದೂ ನಿಜಾನೇ. ನಾನು ಮೊದ್ಲು ಕಲಿತಿದ್ದು ಡಾಸ್ ಕಾಲದ ವರ್ಡ್‌ಪರ್ಫೆಕ್ಟ್ 5.1, ಅದೂ ವರ್ಡ್ ಥರದ್ದೇ ಟೈಪಿಂಗ್ ಸಾಫ್ಟ್‌ವೇರು, ಅದರಲ್ಲಿ ಆಲ್ಟ್ ಎಫ್3 ಒತ್ತಿದ್ರೆ ಬೋಲ್ಡ್ ಎಲ್ಲಿ ಶುರು ಎಲ್ಲಿ ಮುಗೀತು ಅಂತ ಸ್ಕ್ರೀನ್ ಕೆಳಗಡೆ ಬ್ರ್ಯಾಕೆಟ್‌ನಲ್ಲಿ ಕೋಡ್ ಹಾಕಿ ಬಿಚ್ಚಿ ತೋರಿಸೋದು, ಬೇಡದ ಕೋಡ್ ಮೇಲೆ ಡಿಲೀಟ್ ಹೊಡೆದ್ರೆ ಕಥೆ ಮುಗೀತು. ವರ್ಡ್ ಹಂಗೆ ಬಿಚ್ಚಿಡಲ್ಲ, ಪ್ಯಾರಾದ ಅಲೈನ್‌ಮೆಂಟು, ಸ್ಪೇಸಿಂಗು ಎಲ್ಲಾ ಕೊನೇಲಿರೋ ಪ್ಯಾರಾ ಗುರುತಲ್ಲಿ ಬಚ್ಚಿಟ್ಕೊಂಡಿರತ್ತೆ. ಕೋಡ್ ಕಂಡ್ರೆ ನಂಗೆ ಈಗ್ಲೂ ಪ್ರೀತಿ, ಆದ್ರೆ 200 ಪುಟಕ್ಕೆ ಸ್ಟೈಲೇ ಸೈ ಬಿಡಿ.

ರಾತ್ರಿ ಹತ್ತಾಯ್ತು, ನಾಲ್ಕನೇ ಅಧ್ಯಾಯದಲ್ಲಿದೀನಿ. ಅಕ್ಕ ಉಪ್ಪಿಟ್ಟಿಗೆ ಒಗ್ಗರಣೆ ಹಾಕ್ತಾ "ಆಯ್ತೇನೋ" ಅಂತ ಒಳಗಿಂದಾನೇ ಕೂಗ್ತಿದಾಳೆ.