ಸೆನ್ಸರ್ ಮೇಲೆ ಅನುಮಾನ ಬಂದಾಗ ಗೆರೆ ನೋಡಿ

ಹಗಲೂ ರಾತ್ರಿ ಶುಗರ್ ಅಳೆಯಲು ತೋಳಿನ ಮೇಲೆ ಅಂಟಿಸಿಕೊಂಡಿರುವ ಸೆನ್ಸರ್ ತೋರಿಸುವ ಸಂಖ್ಯೆ ಮೇಲೆ ಅನುಮಾನ ಬಂದರೆ ನಾನು ಆ ಸಂಖ್ಯೆ ಜೊತೆ ವಾದಕ್ಕೆ ಇಳಿಯುವುದಿಲ್ಲ. ಹಿಂದಿನ ಕೆಲವು ಗಂಟೆಗಳ ಗ್ರಾಫ್ ತೆಗೆದು ಗೆರೆ ಹೇಗೆ ಬಂದಿದೆ ಅಂತ ನೋಡುತ್ತೇನೆ. ನನಗಿರುವುದು ಟೈಪ್ 1 ಡಯಾಬಿಟಿಸ್. ಪ್ರತಿ ಊಟಕ್ಕೂ ಇನ್ಸುಲಿನ್ ಪೆನ್ ಹಿಡಿಯಬೇಕು. ಸೆನ್ಸರ್ ಹೇಳಿದ್ದನ್ನು ನಂಬಬೇಕೋ ಬೇಡವೋ ಅನ್ನುವುದರ ಮೇಲೆ ಎಷ್ಟು ಯೂನಿಟ್ ಹಾಕಿಕೊಳ್ಳಬೇಕು ಅನ್ನುವುದು ನಿಂತಿದೆ.

ಲೆಕ್ಕಪತ್ರ ತಾಳೆ ನೋಡುವುದು ನನ್ನ ಉದ್ಯೋಗ. ಎರಡು ಲೆಕ್ಕ ಹೊಂದದಿದ್ದರೆ ತಪ್ಪು ಹುಡುಕುವ ಮೊದಲು ಎರಡೂ ಒಂದೇ ತಾರೀಖಿನವಾ ಅಂತ ನೋಡುತ್ತೇವೆ. ಸೆನ್ಸರ್‌ಗೂ, ಬೆರಳು ಚುಚ್ಚಿ ರಕ್ತದ ಶುಗರ್ ನೋಡುವ ಗ್ಲುಕೋಮೀಟರ್‌ಗೂ ನಡೆಯುವ ಅರ್ಧ ಜಗಳ ಅಲ್ಲೇ ಮುಗಿದುಹೋಗುತ್ತದೆ.

ಯಾಕೆಂದರೆ ಸೆನ್ಸರ್ ಅಳೆಯುವುದು ರಕ್ತವನ್ನಲ್ಲ. ಚರ್ಮದ ಕೆಳಗೆ ಕೂದಲಿನಷ್ಟು ತೆಳುವಾದ ಒಂದು ಎಳೆ ಇರುತ್ತದೆ. ಅದು ಜೀವಕೋಶಗಳ ನಡುವೆ ಇರುವ ದ್ರವದಲ್ಲಿ ಕೂತಿರುತ್ತದೆ. ಬಹುಪಾಲು ಸೆನ್ಸರ್‌ಗಳಲ್ಲಿ ಆ ಎಳೆಗೆ ಗ್ಲುಕೋಸ್ ಆಕ್ಸಿಡೇಸ್ ಅನ್ನುವ ಕಿಣ್ವ ಸವರಿರುತ್ತಾರೆ. ಗ್ಲುಕೋಸ್ ಅದಕ್ಕೆ ತಾಗಿದಾಗ ತೀರಾ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆ ವಿದ್ಯುತ್ತನ್ನೇ ಲೆಕ್ಕ ಹಾಕಿ ನಮಗೆ ಸಂಖ್ಯೆ ಕೊಡುತ್ತಾರೆ. ರಕ್ತದಲ್ಲಾದ ಬದಲಾವಣೆ ಈ ದ್ರವಕ್ಕೆ ಬಂದು, ಪರದೆ ಮೇಲೆ ಕಾಣಲು ಸುಮಾರು 5ರಿಂದ 15 ನಿಮಿಷ ಬೇಕು.

ಶುಗರ್ ನೆಟ್ಟಗೆ ಒಂದೇ ಮಟ್ಟದಲ್ಲಿದ್ದರೆ ಈ ತಡ ಗೊತ್ತೇ ಆಗುವುದಿಲ್ಲ. ಪರದೆಯಲ್ಲಿ ಶುಗರ್ ಯಾವ ಕಡೆ ಹೋಗುತ್ತಿದೆ ಅಂತ ತೋರಿಸುವ ಬಾಣದ ಗುರುತು ಕೆಳಮುಖ ಆದಾಗ ನೋಡಬೇಕು. ನಿಮಿಷಕ್ಕೆ 3 ಎಂಜಿಯಂತೆ (ಡೆಸಿಲೀಟರ್‌ಗೆ ಇಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ) ಇಳಿಯುತ್ತಿದೆ, ಸೆನ್ಸರ್ 10 ನಿಮಿಷ ಹಿಂದಿದೆ ಅಂದುಕೊಳ್ಳಿ. ಬೆರಳು ಚುಚ್ಚಿದರೆ 72, ಸೆನ್ಸರ್‌ನಲ್ಲಿ 102. ಇಬ್ಬರೂ ಸರಿಯೇ. ಒಬ್ಬರು ಈಗಿನದು ಹೇಳುತ್ತಿದ್ದಾರೆ, ಇನ್ನೊಬ್ಬರು ಆಗಿನದು. ಲೋ ಆಗಿ, ಅಂದರೆ ಶುಗರ್ ತೀರಾ ಇಳಿದು, ಗ್ಲುಕೋಸ್ ತಿಂದ ಮೇಲೂ ಇದೇ ಕಥೆ. 15 ಗ್ರಾಂ ಗ್ಲುಕೋಸ್ ಹೊಟ್ಟೆಗೆ ಹೋಗಿ ರಕ್ತದಲ್ಲಿ ಶುಗರ್ ಏರುತ್ತಿದ್ದರೂ ಪರದೆಯ ಗೆರೆ ಇನ್ನೂ ಕೆಳಗೇ ಹೋಗುತ್ತಿರುತ್ತದೆ. ಅದನ್ನು ನೋಡುತ್ತಾ ಕೂತರೆ ಕೈ ಮತ್ತೆ ಡಬ್ಬಕ್ಕೆ ಹೋಗುತ್ತದೆ, ಆಮೇಲೆ 250 ಗ್ಯಾರಂಟಿ. ಆ 15 ನಿಮಿಷ ನಾನು ಫೋನ್ ಮಗುಚಿ ಇಟ್ಟು, ಆಮೇಲೆ ಬೆರಳು ಚುಚ್ಚಿ ನೋಡುತ್ತೇನೆ.

ಈಗ ರಾತ್ರಿಯ ವಿಷಯಕ್ಕೆ ಬರುತ್ತೇನೆ. ಜಾಸ್ತಿ ತಲೆ ತಿನ್ನುವುದು ಇದೇ.

ನಾನು ಮಗ್ಗುಲಾಗಿ ಮಲಗುವವಳು. ನಡುರಾತ್ರಿ ಅಲಾರಾಂ ಹೊಡೆದುಕೊಳ್ಳುತ್ತದೆ, ಪರದೆಯಲ್ಲಿ 54 ಅಂತ ಕೆಂಪಗೆ ಕಾಣುತ್ತದೆ. ನನಗಿಂತ ಮೊದಲು ಎಚ್ಚರ ಆಗುವುದು ನನ್ನ ಗಂಡನಿಗೆ. ಅವರ ಮೊದಲ ಮಾತು, "ಮತ್ತೆ ಆ ಕೈ ಮೇಲೆ ಮಲಗಿದ್ದೀಯಾ ನೋಡು." ಎಷ್ಟೋ ಸಲ ಅದು ನಿಜವಾಗಿರುತ್ತದೆ. ಸೆನ್ಸರ್ ಮೇಲೆ ಮೈಭಾರ ಬಿದ್ದರೆ ಆ ಜಾಗದಲ್ಲಿ ರಕ್ತ, ದ್ರವ ಎರಡರ ಓಡಾಟವೂ ಕಡಿಮೆ ಆಗುತ್ತದೆ. ಅಷ್ಟು ಜಾಗದಲ್ಲಿ ಗ್ಲುಕೋಸ್ ಕಮ್ಮಿ ಕಾಣುತ್ತದೆ. ಮೈಯಲ್ಲಿ ಎಲ್ಲ ಸರಿಯಾಗೇ ಇರುತ್ತದೆ.

ಗ್ರಾಫ್ ನೋಡಿದರೆ ಇದು ಸಿಕ್ಕಿಬೀಳುತ್ತದೆ. 118ರ ಹತ್ತಿರ ನೆಟ್ಟಗೆ ಹೋಗುತ್ತಿದ್ದ ಗೆರೆ ಎರಡು ಮೂರು ರೀಡಿಂಗ್‌ನಲ್ಲೇ ಧಡಾರ್ ಅಂತ ಬಿದ್ದಿರುತ್ತದೆ. ಮಗ್ಗುಲು ಬದಲಿಸಿದ ಸ್ವಲ್ಪ ಹೊತ್ತಿಗೆ, ಏನೂ ತಿನ್ನದೆ, ಅಷ್ಟೇ ಜೋರಾಗಿ ವಾಪಸ್ 118ಕ್ಕೆ ಹತ್ತುತ್ತದೆ. ನಿಜವಾದ ಲೋ ಸಾಮಾನ್ಯವಾಗಿ ಹೀಗೆ ಬರುವುದಿಲ್ಲ. ಅದು ಇಳಿಜಾರಿನಲ್ಲಿ ಬರುತ್ತದೆ. ಮಲಗುವ ಮುಂಚಿನ ಇನ್ಸುಲಿನ್ನೋ ಸಂಜೆಯ ನಡಿಗೆಯೋ ಏನೋ ಒಂದು ಕಾರಣ ಹಿಂದೆ ಕಾಣುತ್ತದೆ.

ಹಾಗಂತ ಗೆರೆಯ ಆಕಾರ ನೋಡಿ "ಒತ್ತಡದ ಲೋ" ಅಂತ ತೀರ್ಮಾನಿಸಿ ಮತ್ತೆ ಮಲಗುವುದಿಲ್ಲ. ಬೆವರು, ನಡುಕ, ಎದೆ ಹೊಡೆದುಕೊಳ್ಳುವುದು, ಮಂಪರು, ಇವುಗಳಲ್ಲಿ ಏನೇ ಇದ್ದರೂ ಮೊದಲು ಗ್ಲುಕೋಸ್, ಆಮೇಲೆ ತನಿಖೆ. ಏನೂ ಇಲ್ಲದಿದ್ದರೆ ಕೈ ಬಿಡಿಸಿಕೊಂಡು ಎದ್ದು ಕೂತು ಬೆರಳು ಚುಚ್ಚುತ್ತೇನೆ. ವರ್ಷಗಟ್ಟಲೆ ಈ ಕಾಯಿಲೆ ಇದ್ದವರಲ್ಲಿ ಕೆಲವರಿಗೆ ಲೋ ಆದರೂ ಮೈಗೆ ಸೂಚನೆ ಸಿಗುವುದಿಲ್ಲ, ಅದನ್ನು ಮರೆಯಬಾರದು. ಸೆನ್ಸರ್ ನೋಡಿ ತಾನೇ ಇನ್ಸುಲಿನ್ ನಿಲ್ಲಿಸುವ ಪಂಪ್ ಇರುವವರಿಗೆ ಇನ್ನೊಂದು ತಾಪತ್ರಯ. ಈ ಸುಳ್ಳು ಲೋ ನಂಬಿ ಪಂಪ್ ನಿಂತಿರುತ್ತದೆ, ಬೆಳಗ್ಗೆ ಶುಗರ್ ಮೇಲೇರಿ ಕೂತಿರುತ್ತದೆ. ನಾನು ತೋಳಿನ ಹೊರಬದಿ ಬಿಟ್ಟು ಸ್ವಲ್ಪ ಹಿಂದಕ್ಕೆ ಹಾಕಿಕೊಳ್ಳಲು ಶುರು ಮಾಡಿದ ಮೇಲೆ ಈ ಕಾಟ ಕಡಿಮೆ ಆಗಿದೆ. ಪೂರ್ತಿ ಹೋಗಿಲ್ಲ.

ಹೊಸ ಸೆನ್ಸರ್‌ನ ಮೊದಲ ದಿನದ ಗೆರೆಯೇ ಬೇರೆ. ಅದು ನಡುಗುತ್ತದೆ. ಶುರುವಾಗಲು ಬೇಕಾದ ಸಮಯ ಒಂದೊಂದು ಬ್ರ್ಯಾಂಡ್‌ನ ಸೆನ್ಸರ್‌ಗೆ ಒಂದೊಂದು: ಲಿಬ್ರೆ 2ಕ್ಕೆ 1 ಗಂಟೆ, ಡೆಕ್ಸ್‌ಕಾಮ್ ಜಿ6ಗೆ 2 ಗಂಟೆ, ಜಿ7ಗೆ 30 ನಿಮಿಷ. ಆದರೆ ಶುರುವಾಯಿತು ಅಂದರೆ ನೆಲೆ ನಿಂತಿತು ಅಂತ ಅರ್ಥವಲ್ಲ. ಚರ್ಮದ ಕೆಳಗೆ ಒಂದು ಸಣ್ಣ ಗಾಯ ಆಗಿದೆ, ದೇಹ ಅದನ್ನು ರಿಪೇರಿ ಮಾಡುತ್ತಿದೆ. ಮೊದಲ 24 ಗಂಟೆ ಸಂಖ್ಯೆಗಳು ಅತ್ತಿತ್ತ ಹೋಗುವುದು ಮಾಮೂಲು. ಆ ದಿನ ನಾನು ಬೆರಳು ಚುಚ್ಚದೆ ಒಂದು ಯೂನಿಟ್ ಇನ್ಸುಲಿನ್ ಕೂಡ ಹಾಕಿಕೊಳ್ಳುವುದಿಲ್ಲ. ಹಳೆಯ ಸೆನ್ಸರ್‌ನ ಅವಧಿ ಮುಗಿಯುವ ಹೊತ್ತು ನೋಡಿಕೊಂಡು ಹೊಸದನ್ನು ಬೆಳಗ್ಗೆಯೇ ಹಾಕಿಕೊಳ್ಳುತ್ತೇನೆ. ಅದರ ಹುಚ್ಚಾಟ ಹಗಲಲ್ಲೇ ನಡೆಯಲಿ ಅಂತ.

ಕೆಲವು ಸೆನ್ಸರ್‌ಗಳಲ್ಲಿ ಮೀಟರ್‌ನ ಸಂಖ್ಯೆ ಕೊಟ್ಟು ಕ್ಯಾಲಿಬ್ರೇಟ್ ಮಾಡಬಹುದು, ಅಂದರೆ ಅದಕ್ಕೆ ಸರಿಹೊಂದಿಸಬಹುದು, ಕೆಲವದರಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಇದ್ದರೂ ಗೆರೆ ನೆಟ್ಟಗಿರುವಾಗ, ಊಟಕ್ಕೆ ಮುಂಚೆ ಮಾತ್ರ. ಬಾಣ ಮೇಲೋ ಕೆಳಗೋ ಇರುವಾಗ ಕೊಟ್ಟರೆ ಆ ಹೊತ್ತಿನ ವ್ಯತ್ಯಾಸವನ್ನೇ ಸೆನ್ಸರ್ ಪಾಠ ಮಾಡಿಕೊಂಡು ಮುಂದಿನ ರೀಡಿಂಗ್‌ಗಳನ್ನೂ ಕೆಡಿಸುತ್ತದೆ.

ಇಷ್ಟೆಲ್ಲ ಹೇಳುವಾಗ ಮೀಟರ್ ಮಾತ್ರ ಹರಿಶ್ಚಂದ್ರ ಅಂದುಕೊಂಡುಬಿಡುತ್ತೇವೆ, ಅಲ್ವಾ? ಹಣ್ಣು ಹೆಚ್ಚಿದ ಕೈ ತೊಳೆಯದೆ ಬೆರಳು ಚುಚ್ಚಿದರೆ 110 ಇದ್ದದ್ದು 200 ದಾಟಿ ತೋರಿಸಬಹುದು. ಮೀಟರ್‌ಗೆ ಹಾಕುವ ಅವಧಿ ಮುಗಿದ ಸ್ಟ್ರಿಪ್, ಮುಚ್ಚಳ ತೆರೆದಿಟ್ಟ ಸ್ಟ್ರಿಪ್ ಡಬ್ಬಿ ಕೂಡ ಸುಳ್ಳು ಹೇಳುತ್ತವೆ. ಎಲ್ಲ ಸರಿಯಿದ್ದರೂ ಮೀಟರ್‌ಗಳಿಗಿರುವ 2013ರ ಐಎಸ್‌ಒ ಅನ್ನುವ ಅಂತರರಾಷ್ಟ್ರೀಯ ಮಾನದಂಡವೇ 100ರಿಂದ ಮೇಲೆ ಶೇಕಡಾ 15ರಷ್ಟು, 100ಕ್ಕಿಂತ ಕೆಳಗೆ 15 ಎಂಜಿಯಷ್ಟು ಆಚೀಚೆ ಆಗಲು ಬಿಟ್ಟಿದೆ. ಅದೂ 100ರಲ್ಲಿ 95 ರೀಡಿಂಗ್‌ಗೆ ಮಾತ್ರ.

ಹಾಗಾಗಿ ನನ್ನ ಲೆಕ್ಕ ಸ್ವಲ್ಪ ಸಡಿಲ. ಮೀಟರ್ 100ರ ಕೆಳಗಿದ್ದರೆ 20 ಎಂಜಿ, ಮೇಲಿದ್ದರೆ ಶೇಕಡಾ 20. ಅಷ್ಟರೊಳಗಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಸೆನ್ಸರ್ 240, ಮೀಟರ್ 205 ಬಂದರೆ ಸುಮ್ನೆ ಬಿಟ್ಟುಬಿಡುತ್ತೇನೆ. ಸೆನ್ಸರ್ 60, ಮೀಟರ್ 96 ಬಂದರೆ ಬಿಡುವುದಿಲ್ಲ. ಕೈ ತೊಳೆದು, ಕಾಲು ಗಂಟೆ ಬಿಟ್ಟು, ಗೆರೆ ನೆಟ್ಟಗಿದೆಯಾ ನೋಡಿ ಮತ್ತೊಮ್ಮೆ ಚುಚ್ಚುತ್ತೇನೆ.

ಗೆರೆ ನೆಟ್ಟಗೇ ಇದ್ದು, ಎಲ್ಲ ಸರಿ ಕಂಡು, ಸಂಖ್ಯೆ ಮಾತ್ರ ಗಂಟೆಗಟ್ಟಲೆ ಮೇಲೇ ನಿಂತಿದ್ದರೆ ನಾನು ಔಷಧಿ ಡಬ್ಬಿ ಕಡೆ ನೋಡುತ್ತೇನೆ. ದಿನಕ್ಕೆ 500 ಮಿಲಿಗ್ರಾಂಗಿಂತ ಜಾಸ್ತಿ ವಿಟಮಿನ್ ಸಿ ತಗೊಂಡರೆ ಲಿಬ್ರೆ 2 ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಡೆಕ್ಸ್‌ಕಾಮ್ ಜಿ6ರಲ್ಲಿ 6 ಗಂಟೆಗೆ 1 ಗ್ರಾಂ ದಾಟಿದ ಪ್ಯಾರಾಸಿಟಮಾಲ್‌ನಿಂದ ಹಾಗಾಗಬಹುದು. ಹೈಡ್ರಾಕ್ಸಿಯೂರಿಯಾ ಅನ್ನುವ ಔಷಧಿ ತಗೊಳ್ಳುವವರಿಗೆ ಡೆಕ್ಸ್‌ಕಾಮ್ ಕೈಪಿಡಿಯಲ್ಲೇ ಎಚ್ಚರಿಕೆ ಇದೆ. ನನಗೆ ಸುಳ್ಳು ಲೋಗಿಂತ ಈ ಸುಳ್ಳು ಹೈ ಮೇಲೆಯೇ ಭಯ ಜಾಸ್ತಿ. ಸುಳ್ಳು ಲೋ ನಿದ್ದೆ ಕೆಡಿಸುತ್ತದೆ ಅಷ್ಟೇ. ಸುಳ್ಳು ಹೈ ಬೇಡದ ಇನ್ಸುಲಿನ್ ಹಾಕಿಸುತ್ತದೆ. ಶೀತಕ್ಕೋ ಜ್ವರಕ್ಕೋ ಮಾತ್ರೆ ನುಂಗುವ ಮೊದಲು ನಿಮ್ಮ ಸೆನ್ಸರ್‌ನ ಕೈಪಿಡಿಯಲ್ಲಿ ಆ ಒಂದು ಪುಟ ಓದಿಕೊಳ್ಳಿ.

ಗೆರೆ ಇದ್ದಕ್ಕಿದ್ದಂತೆ ಮಾಯವಾದರೆ? ಸಿಗ್ನಲ್ ಹೋಗಿ ಆಮೇಲೆ ಬಂದಾಗ ನಡುವಿನ ಖಾಲಿ ಜಾಗ ತಾನಾಗೇ ತುಂಬಿಕೊಂಡರೆ ಸಾಮಾನ್ಯವಾಗಿ ಅದು ಬ್ಲೂಟೂತ್ ತಕರಾರು. ಸೆನ್ಸರ್ ಅಳೆಯುತ್ತಲೇ ಇತ್ತು, ಫೋನಿಗೆ ಮುಟ್ಟಿರಲಿಲ್ಲ ಅಷ್ಟೇ. ಖಾಲಿ ಜಾಗ ಖಾಲಿಯಾಗೇ ಉಳಿದು, ಪದೇ ಪದೇ "ಸೆನ್ಸರ್ ಎರರ್" ಅಂತ ಬರುತ್ತಿದ್ದರೆ ತೊಂದರೆ ಚರ್ಮದ ಹತ್ತಿರವೇ ಇದೆ. ಬ್ಲೂಟೂತ್ ಆದರೆ ಬ್ಯಾಟರಿ ಉಳಿಸುವ ಸೆಟ್ಟಿಂಗ್ ಆ್ಯಪನ್ನು ಮಲಗಿಸಿದೆಯಾ, ಫೋನ್ ಅಪ್‌ಡೇಟ್ ಆದಾಗ ಅನುಮತಿಗಳು ಹೋಗಿವೆಯಾ ಅಂತ ನೋಡಿ. ಫೋನ್ ಮೈಯ ಇನ್ನೊಂದು ಬದಿಯಲ್ಲಿದ್ದರೂ ಸಾಕು, ನಮ್ಮ ದೇಹವೇ ಸಿಗ್ನಲ್‌ಗೆ ಅಡ್ಡ ಬರುತ್ತದೆ. ಸಿಟ್ಟಿನಲ್ಲಿ ಆ್ಯಪ್ ಅಳಿಸಿ ಮತ್ತೆ ಹಾಕಲು ಹೋಗಬೇಡಿ. ಕೆಲವು ಸೆನ್ಸರ್‌ಗಳು ಒಮ್ಮೆ ಬಿಟ್ಟ ಮೇಲೆ ಮತ್ತೆ ಸೇರುವುದಿಲ್ಲ.

ಅಂಟಿನ ಬಗ್ಗೆ ಎಲ್ಲರೂ ಬರೆದಿದ್ದಾರೆ. ಕ್ರೀಮ್ ಸವರದ, ಸ್ಪಿರಿಟ್‌ನಲ್ಲಿ ಒರೆಸಿ ಪೂರ್ತಿ ಒಣಗಿದ ಚರ್ಮ ಇದ್ದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು. ಅಂಚು ಎದ್ದರೆ ಎಳೆಯದೆ ಕತ್ತರಿಸಿ ಮೇಲೊಂದು ಪ್ಯಾಚ್ ಹಾಕಿ. ಆದರೆ ಬುಡವೇ ಎದ್ದಿದ್ದರೆ ಒಳಗಿನ ಎಳೆಯೂ ಜಾಗ ಬಿಟ್ಟಿರುತ್ತದೆ. ಅದನ್ನು ಒತ್ತಿ ಕೂರಿಸಿ ಪ್ರಯೋಜನ ಇಲ್ಲ. ಚರ್ಮ ಕೆಂಪಾಗಿ ತುರಿಸಿ ಗುಳ್ಳೆ ಎದ್ದರೆ ಅಂಟಿಗೇ ಅಲರ್ಜಿ ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ.

ಯಾವಾಗ ಕಿತ್ತು ಹಾಕಬೇಕು? ಮೊದಲ ದಿನ ಕಳೆದಿದೆ, ಗೆರೆ ನೆಟ್ಟಗಿದೆ, ಕೈ ತೊಳೆದು ಚುಚ್ಚಿದ್ದೇನೆ, ಆದರೂ ಬೇರೆ ಬೇರೆ ಹೊತ್ತಿನಲ್ಲಿ ವ್ಯತ್ಯಾಸ ನನ್ನ ಲೆಕ್ಕ ಮೀರುತ್ತಿದೆ. ಅಥವಾ ಗೆರೆ ಗರಗಸದ ಹಲ್ಲಿನ ಹಾಗೆ ಏರಿಳಿಯುತ್ತಿದೆ. ಅಷ್ಟಾದರೆ ಇನ್ನೂ ಅವಧಿ ಇದೆ ಅಂತ ಉಳಿಸಿಕೊಳ್ಳುವುದಿಲ್ಲ. ಹಾಕುವಾಗ ರಕ್ತ ಬಂದಿದ್ದರೂ ತಕ್ಷಣ ಕೀಳುವುದಿಲ್ಲ. ಎಷ್ಟೋ ಸಲ ಅದು ನಿಂತು ಸರಿಹೋಗುತ್ತದೆ. ನಿಲ್ಲದಿದ್ದರೆ ಮಾತ್ರ ತೆಗೆಯುತ್ತೇನೆ.

ಕೀಳುವ ಮೊದಲು ಪರದೆಯ ಫೋಟೋ, ಪಕ್ಕದಲ್ಲೇ ಮೀಟರ್‌ನ ಫೋಟೋ, ಎರಡರಲ್ಲೂ ಹೊತ್ತು ಕಾಣುವಂತೆ ತೆಗೆದಿಟ್ಟುಕೊಳ್ಳಿ. ಪೆಟ್ಟಿಗೆ ಮೇಲಿನ ಲಾಟ್ ನಂಬರ್, ಸೀರಿಯಲ್ ನಂಬರ್ ಕೂಡ. ಅವಧಿಗೆ ಮುಂಚೆ ಕೈಕೊಟ್ಟ ಸೆನ್ಸರ್‌ಗೆ ಬದಲಿ ಕೇಳಲು ಕಂಪನಿಯವರಿಗೆ ಫೋನ್ ಮಾಡಿದಾಗ ಇವನ್ನೇ ಕೇಳುತ್ತಾರೆ. "ಸರಿ ಇಲ್ಲ" ಅಂದರೆ ಮಾತು ಉದ್ದ ಆಗುತ್ತದೆ. "ಇಂಥ ಹೊತ್ತಿಗೆ ಸೆನ್ಸರ್ 60, ಮೀಟರ್ 96, ಬಾಣ ನೆಟ್ಟಗಿತ್ತು" ಅಂದರೆ ಬೇಗ ಮುಗಿಯುತ್ತದೆ. ಕಿತ್ತ ಸೆನ್ಸರನ್ನು ಆ ದಿನವೇ ಕಸಕ್ಕೆ ಹಾಕಬೇಡಿ. ಪರೀಕ್ಷೆ ಮಾಡಲು ವಾಪಸ್ ಕಳಿಸಿ ಅಂತಲೂ ಕೇಳುವುದುಂಟು.